ಶಿಲೆಯ ಮೇಲಿನ ಹೆಸರು

ನಿಮ್ಮ ಕುಟುಂಬದಲ್ಲಿ ಸೈನ್ಯದ ಸೇವೆ ಮುಗಿಸಿ ಊರಿಗೆ ಮರಳಿದ ಹಿರಿಯರೊಬ್ಬರಿದ್ದರೆ, ಅವರ ಹುಟ್ಟುಹಬ್ಬಕ್ಕೋ ವಿವಾಹದ ಸುವರ್ಣೋತ್ಸವಕ್ಕೋ ಏನು ಕೊಡುವುದೆಂಬ ಪ್ರಶ್ನೆ ನಿಮಗೂ ಎದುರಾಗಿರಬಹುದು. ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಇವೆಲ್ಲ ಕಪಾಟು ಸೇರುವ ವಸ್ತುಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕುಟುಂಬಗಳಿಗೆ ನಾನೊಂದು ಬೇರೆ ಉಡುಗೊರೆಯನ್ನು ಸೂಚಿಸಬಯಸುತ್ತೇನೆ. ಅದು ಯುದ್ಧಸ್ಮಾರಕವೊಂದರ ಛಾಯಾಚಿತ್ರ. ನೀವೇ ಪ್ರಯಾಣ ಮಾಡಿ, ನೀವೇ ನಿಂತು ತೆಗೆದ ಚಿತ್ರ. ಈ ಪದ್ಧತಿಗೆ ನಾವು ಊಹಿಸುವುದಕ್ಕಿಂತ ದೀರ್ಘವಾದ ಚರಿತ್ರೆಯಿದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದವರ ಸಮಾಧಿಗಳನ್ನು ಗುರುತಿಸಿ ದಾಖಲಿಸುವ ಕಾರ್ಯವನ್ನು ಫೇಬಿಯನ್ ವೇರ್ ಎಂಬವರು ಆರಂಭಿಸಿದರು. ರೆಡ್ ಕ್ರಾಸ್ ತಂಡವೊಂದರ ಮುಖ್ಯಸ್ಥರಾಗಿ ಅಲ್ಲಿಗೆ ಹೋಗಿದ್ದ ಅವರಿಗೆ, ಮರದ ಶಿಲುಬೆಗಳ ಮೇಲಿನ ಬರಹ ಮಳೆಗೆ ಅಳಿದುಹೋಗುತ್ತಿರುವುದು ಕಂಡಿತು. ಮಗನ ಸಮಾಧಿಯನ್ನು ಎಂದಿಗೂ ಕಾಣಲಾಗದ ತಾಯಂದಿರು ಪತ್ರ ಬರೆಯತೊಡಗಿದರು. ಆಗ ರೆಡ್ ಕ್ರಾಸ್ ಸಂಸ್ಥೆಯ ನೆರವಿನಿಂದ ಛಾಯಾಗ್ರಾಹಕರು ಸಮಾಧಿಗಳ ಚಿತ್ರ ತೆಗೆದು, ರಟ್ಟಿನ ಹಾಳೆಗೆ ಅಂಟಿಸಿ, ಸಮಾಧಿ ಎಲ್ಲಿದೆ, ಹತ್ತಿರದ ರೈಲು ನಿಲ್ದಾಣ ಯಾವುದು ಎಂದು ಕೆಳಗೆ ಬರೆದು ಮನೆಗಳಿಗೆ ಕಳುಹಿಸಿದರು. ಹತ್ತಿರದ ರೈಲು ನಿಲ್ದಾಣ! ಎಂದಾದರೊಂದು ದಿನ ತಾಯಿ ಅಲ್ಲಿಗೆ ಹೊರಡಬಹುದೆಂಬ ನಂಬಿಕೆಯಿಂದ ಬರೆದ ಸಾಲು ಅದು. 1917ರಲ್ಲಿ ಈ ಕಾರ್ಯವು ರಾಜಸನ್ನದು ಪಡೆದ ಆಯೋಗವಾಯಿತು. ಇಂದಿನ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಅದೇ.

ಆದರೆ ಆ ಆಯೋಗ ಎಲ್ಲರನ್ನೂ ಒಂದೇ ಸಮನಾಗಿ ಸ್ಮರಿಸಲಿಲ್ಲ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅದೇ ಪ್ರಾಂತ್ಯದ ಮರಾಠಾ ಪಲ್ಟಣಗಳು ಇಂದಿನ ಇರಾಕ್ ದೇಶದಲ್ಲಿ, ಅಂದಿನ ಮೆಸೊಪೊಟೇಮಿಯಾದಲ್ಲಿ ಹೋರಾಡಿದವು. 1916ರ ಏಪ್ರಿಲ್ 29ರಂದು ಕೂತ್ ಪಟ್ಟಣದಲ್ಲಿ ಹಸಿವಿನಿಂದ ಕಂಗೆಟ್ಟು ಶರಣಾದ ಸೈನ್ಯದಲ್ಲಿಯೂ ಆ ಪಲ್ಟಣಗಳಿದ್ದವು. ಆ ರಣರಂಗದಲ್ಲಿ ಮಡಿದು ಸಮಾಧಿಯೂ ಸಿಗದವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಬೃಹತ್ ಸ್ಮಾರಕವನ್ನು ಅನಾವರಣಗೊಳಿಸಿದರು. ಅಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳ ಪಾಲಿಗೆ ಬಂದದ್ದು ಪಲ್ಟಣದ ಹೆಸರು ಮತ್ತು ಸತ್ತವರ ಸಂಖ್ಯೆ ಮಾತ್ರ. 2021ರಲ್ಲಿ ಆಯೋಗವೇ ಪ್ರಕಟಿಸಿದ ವರದಿಯು ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತ, ಆಫ್ರಿಕಾ, ಈಜಿಪ್ಟ್ ಮೊದಲಾದ ನಾಡುಗಳ ಸುಮಾರು 45,000ದಿಂದ 54,000 ಜನರನ್ನು ಇತರರಿಗೆ ಸಮನಾಗಿ ಸ್ಮರಿಸಿಲ್ಲವೆಂದೂ, ಕನಿಷ್ಠ 1,16,000 ಜನರನ್ನು ಹೆಸರಿನಿಂದ ಸ್ಮರಿಸಿಲ್ಲವೆಂದೂ ಆ ವರದಿ ಹೇಳಿತು. ತಾಯಿಯೊಬ್ಬಳು ಹೆತ್ತು, ಹೆಸರಿಟ್ಟು, ಸಾಕಿ ಕಳುಹಿಸಿದ ಮಗನು ಕಲ್ಲಿನ ಮೇಲೆ ಒಂದು ಅಂಕಿಯಾಗಿ ಉಳಿದನೆಂಬುದನ್ನು ಓದಿದಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯೆನಿಸಿತು.

ನಮ್ಮ ನೆಲದ ರೂಢಿ ಹೀಗಿರಲಿಲ್ಲ. ಶಿರಸಿ ತಾಲೂಕಿನ ಬನವಾಸಿಯನ್ನು ನೀವು ಕಂಡಿರುವಿರಿ. ಆ ಸೀಮೆಯ ಹಳ್ಳಿಗಳಲ್ಲಿ, ಗದ್ದೆಯ ಅಂಚಿನಲ್ಲಿ, ಗುಡಿಯ ಪ್ರಾಕಾರದಲ್ಲಿ ನಿಂತಿರುವ ವೀರಗಲ್ಲುಗಳು ನಮ್ಮ ಅತಿ ಪುರಾತನ ಯುದ್ಧಸ್ಮಾರಕಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಶಾಸನವಿರುವ ಕಲ್ಲುಗಳಲ್ಲಿ ವೀರನ ಹೆಸರು, ಅವನ ಊರು, ತುರುಗಾಳಗವೋ ಊರಳಿವೋ ಎಂಬ ಕಾರಣ, ಕಲ್ಲು ನಿಲ್ಲಿಸಿದವರು ಯಾರು ಎಂಬುದೆಲ್ಲ ದೊರೆಯುತ್ತದೆ. ಊರಿನ ದನಗಳನ್ನು ಬಿಡಿಸಿತರಲು ಹೋಗಿ ಮಡಿದ ಸಾಮಾನ್ಯನಿಗೂ ಅಲ್ಲಿ ಸ್ಥಾನವುಂಟು. ಅಷ್ಟೇಕೆ, ಕ್ರಿ. ಶ. 949ರ ಸುಮಾರಿನ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಉಳಿಸಿದೆ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ಬರಹವಿಲ್ಲದ ವೀರಗಲ್ಲುಗಳೂ ಅನೇಕವಿವೆ, ನಿಜ. ಆದರೂ ಅಲ್ಲಿ ಒಬ್ಬ ಮನುಷ್ಯನ ಆಕೃತಿಯಾದರೂ ಇದೆ.

ಇನ್ನು ಉಡುಗೊರೆಯ ವಿಷಯಕ್ಕೆ ಬರೋಣ. ಘಟ್ಟದ ಮೇಲಿನ ನಮ್ಮ ಮೂರು ತಾಲೂಕುಗಳಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ಸ್ಥಳ ಕಾರವಾರ. ಯಲ್ಲಾಪುರದವರು ಅರಬೈಲ್ ಘಟ್ಟವಿಳಿದು ಅಂಕೋಲೆಯ ಮೂಲಕ, ಶಿರಸಿಯವರು ದೇವಿಮನೆ ಘಟ್ಟವಿಳಿದು ಕುಮಟೆಯ ಮೂಲಕ ಹೋಗಬಹುದು. ಅಲ್ಲಿಯ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ 2006ರಿಂದ ನಿಂತಿದೆ. ಕಾರವಾರ ತಾಲೂಕಿನ ಚೆಂಡಿಯಾ ಗ್ರಾಮದ ಈ ಮನೆತನದ ಮಗ 1918ರಲ್ಲಿ ಜನಿಸಿ, 1940ರಲ್ಲಿ ಬಾಂಬೆ ಸ್ಯಾಪರ್ಸ್ ಎಂಬ ಇಂಜಿನಿಯರ್ ದಳಕ್ಕೆ ಸೇರಿದರು. ಅದಕ್ಕೂ ಮುನ್ನ, ಇನ್ನೂ ಬಾಲಕರಾಗಿದ್ದಾಗ, ಅವರು ಸ್ವಾತಂತ್ರ್ಯ ಚಳವಳಿಯತ್ತ ಒಲಿದಿದ್ದರು. ಪೊಲೀಸ್ ಇಲಾಖೆಯಲ್ಲಿದ್ದ ತಂದೆ ಅದಕ್ಕೆ ಬೆದರಿ ಕುಟುಂಬವನ್ನು ಚೆಂಡಿಯಾಕ್ಕೆ ಕರೆತಂದರು.

1948ರ ಏಪ್ರಿಲ್ 8. ಜಮ್ಮು ಪ್ರದೇಶದ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಶತ್ರುಗಳು ನೆಲಬಾಂಬುಗಳನ್ನು ಹೂತು, ಮರಗಳನ್ನು ಕಡಿದು ಅಡ್ಡ ಕೆಡವಿದ್ದರು. ದಾರಿ ತೆರವುಗೊಳಿಸುವ ಹೊಣೆ ಸೆಕೆಂಡ್ ಲೆಫ್ಟಿನೆಂಟ್ ರಾಣೆಯವರದು. ಮೊದಲ ದಿನವೇ ಮಾರ್ಟರ್ ದಾಳಿಯಲ್ಲಿ ಅವರ ಇಬ್ಬರು ಜೊತೆಗಾರರು ಮಡಿದರು, ಐವರು ಗಾಯಗೊಂಡರು. ಗಾಯಾಳುಗಳಲ್ಲಿ ಅವರೂ ಒಬ್ಬರು. ಆದರೂ ಏಪ್ರಿಲ್ 11ರ ತನಕ ಕೆಲಸ ನಿಲ್ಲಲಿಲ್ಲ. ಗುಂಡಿನ ಸುರಿಮಳೆಯ ನಡುವೆ ಅವರು ಚಲಿಸುವ ಟ್ಯಾಂಕಿನ ಅಡಿಯಲ್ಲಿಯೇ ತೆವಳುತ್ತಾ ಸಾಗಿ, ಹಗ್ಗ ಎಳೆದು ಚಾಲಕನಿಗೆ ನಿಲ್ಲು, ನಡೆ ಎಂದು ಸೂಚಿಸುತ್ತಾ ಬಾಂಬುಗಳನ್ನು ಪತ್ತೆಹಚ್ಚಿದರು. ಏಪ್ರಿಲ್ 12ರಂದು ರಜೌರಿ ಭಾರತೀಯ ಸೈನ್ಯದ ವಶವಾಯಿತು. ಪರಮವೀರ ಚಕ್ರವನ್ನು ಜೀವಂತವಾಗಿದ್ದು ಪಡೆದ ವಿರಳ ಯೋಧರಲ್ಲಿ ರಾಣೆಯವರೂ ಒಬ್ಬರು. ಅವರು ಮಡಿದದ್ದು 1994ರ ಜುಲೈ 11ರಂದು. ದಾರಿಯನ್ನು ಬಿಡಿಸಿದ್ದಕ್ಕಾಗಿ, ಹಿಂದೆ ಬರುವವರು ಸಾಯದಿರಲೆಂದು ಮಾಡಿದ ಕೆಲಸಕ್ಕಾಗಿ ಸಂದ ಪದಕವಿದು. ಈ ಜಿಲ್ಲೆಯ ಮಕ್ಕಳಿಗೆ ಈ ಕಥೆಯನ್ನು ನಾವು ಸಾಕಷ್ಟು ಹೇಳಿಲ್ಲವೆಂಬುದು ನನ್ನ ಅಭಿಪ್ರಾಯ.

ಪ್ರತಿಮೆಯ ಬಳಿಯಲ್ಲಿಯೇ ಐಎನ್ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯ ವಸ್ತುಸಂಗ್ರಹಾಲಯವಿದೆ. ನಿಮ್ಮ ಹಿರಿಯರು ನೌಕಾಪಡೆಯವರಾಗಿದ್ದರೆ ಇದರ ಚಿತ್ರ ಅವರಿಗೆ ಇಷ್ಟವಾದೀತು. ಆದರೆ ಅಡಿಬರಹದಲ್ಲಿ ಎಚ್ಚರವಿರಲಿ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ನೌಕೆ ಇದೇ ಎಂದು ಹೇಳುವವರಿದ್ದಾರೆ. ಡಿಸೆಂಬರ್ 4ರ ರಾತ್ರಿಯ ಆ ದಾಳಿಯನ್ನು ನಡೆಸಿದ ಕ್ಷಿಪಣಿ ನೌಕೆಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತಿ ಹೊಂದಿದ್ದು 2005ರಲ್ಲಿ. ಸೈನಿಕರು ಇಂತಹ ತಪ್ಪನ್ನು ಕ್ಷಣಾರ್ಧದಲ್ಲಿ ಗುರುತಿಸುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಭೂಸೇನೆಯಲ್ಲಿದ್ದವರಿಗೆ ತಮ್ಮ ದಳದ ಸ್ವಂತ ಸ್ಮಾರಕವೇ ಹೆಚ್ಚು ಪ್ರಿಯ. ಮರಾಠಾ ಲಘು ಪದಾತಿ ದಳದ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದೆ, ಬಾಂಬೆ ಸ್ಯಾಪರ್ಸ್ ಕೇಂದ್ರ ಪುಣೆಯ ಖಡ್ಕಿಯಲ್ಲಿದೆ. ಇವು ದಂಡಿನ ಆವರಣಗಳು. ಮುಂಚಿತವಾಗಿ ಬರೆದು ಅನುಮತಿ ಪಡೆಯದೆ ಕ್ಯಾಮೆರಾ ಹಿಡಿದು ಹೋಗುವುದು ಸಲ್ಲದು. ದೆಹಲಿಯ ರಾಷ್ಟ್ರೀಯ ಯುದ್ಧಸ್ಮಾರಕ ಮಾತ್ರ ಎಲ್ಲರಿಗೂ ತೆರೆದಿದೆ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ಅದರ ತ್ಯಾಗಚಕ್ರದ ಗ್ರಾನೈಟ್ ಫಲಕಗಳಲ್ಲಿ, ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಜನರಲ್ ಆಗಲಿ, ಸಿಪಾಯಿಯಾಗಲಿ, ಎಲ್ಲರಿಗೂ ಒಂದೇ ಅಳತೆಯ ಫಲಕ. ಬಸ್ರಾದ ಅಂಕಿಗಳನ್ನು ಓದಿದವರಿಗೆ ಇದರ ಬೆಲೆ ತಿಳಿಯುತ್ತದೆ. ಬಳಿಯ ಪರಮಯೋಧ ಸ್ಥಳದಲ್ಲಿ ರಾಣೆಯವರ ಮೂರ್ತಿಯೂ ಇದೆ.

ಇಲ್ಲೊಂದು ಸೂಕ್ಷ್ಮವಿದೆ. ಸ್ಮಾರಕದ ಮೇಲೆ ಇರುವುದು ಮಡಿದವರ ಹೆಸರು. ನಿಮ್ಮ ಹಿರಿಯರು ಬದುಕಿ ಬಂದವರು. ಆ ಚಿತ್ರದಲ್ಲಿ ಅವರು ನೋಡುವುದು ಕಟ್ಟಡದ ಭವ್ಯತೆಯನ್ನಲ್ಲ. ಅದೇ ಬಂಕರಿನಲ್ಲಿ ಚಹಾ ಹಂಚಿಕೊಂಡ, ಅದೇ ವಾರ ರಜೆಗೆ ಹೋಗಬೇಕಿದ್ದ ಒಬ್ಬನ ಹೆಸರನ್ನು ಅವರ ಬೆರಳು ಹುಡುಕುತ್ತದೆ. ಆದ್ದರಿಂದ ಹೊರಡುವ ಮೊದಲು ಅವರೊಡನೆ ಮಾತನಾಡಿ. ಅಜ್ಜ, ನಿಮ್ಮ ಜೊತೆಗಾರರಲ್ಲಿ ಯಾರ ಹೆಸರು ನೋಡಿಬರಲಿ ಎಂದು ಕೇಳಿ. ಅಚ್ಚರಿಯ ಉಡುಗೊರೆಯ ಆಸೆ ಇಲ್ಲಿ ಬೇಡ. ಕೆಲವರು ಬಹಳ ಹೊತ್ತು ಸುಮ್ಮನಿದ್ದು ಒಂದು ಹೆಸರು ಹೇಳಬಹುದು. ಕೆಲವರು ಬೇಡವೆಂದೂ ಹೇಳಬಹುದು; ಆ ಮಾತನ್ನೂ ಗೌರವಿಸಬೇಕು. ನವೆಂಬರ್ 2ರಂದು ಸಿಮೆಟ್ರಿಯಲ್ಲಿ ಕೆಲವರು ಮೇಣದ ಬತ್ತಿ ಹಚ್ಚಿ ಗಂಟೆಗಟ್ಟಲೆ ನಿಲ್ಲುತ್ತಾರೆ, ಕೆಲವರು ಗೇಟಿನ ಬಳಿಯಿಂದಲೇ ಹಿಂದಿರುಗುತ್ತಾರೆ. ಎರಡೂ ದುಃಖವೇ.

ಚಿತ್ರ ತೆಗೆಯುವಾಗ ಒಂದೆರಡು ಮಾತು. ಕೆತ್ತಿದ ಅಕ್ಷರಗಳು ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಕಾಣಿಸುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಅಕ್ಷರದೊಳಗೆ ನೆರಳು ಬಿದ್ದು ಸ್ಪಷ್ಟವಾಗುತ್ತವೆ. ಬಳಪ, ಹಿಟ್ಟು, ಎಣ್ಣೆ ಹಚ್ಚಿ ಓದುವ ಅಭ್ಯಾಸ ಕಲ್ಲಿಗೆ ಹಾನಿಕರ. ವೀರಗಲ್ಲುಗಳ ಬಳಿಯಂತೂ ಅದು ಕೂಡದು. ಒಂದು ಚಿತ್ರ ಇಡೀ ಸ್ಮಾರಕದ್ದಿರಲಿ, ಇನ್ನೊಂದು ಆ ಒಂದೇ ಹೆಸರಿನದು. ದೊಡ್ಡದಾಗಿ ಮುದ್ರಿಸಿರಿ, ವಯಸ್ಸಾದ ಕಣ್ಣುಗಳಿಗೆ ಮೊಬೈಲಿನ ಪರದೆ ಸಾಲದು.

ಸಿದ್ದಾಪುರದವರು ಮಾವಿನಗುಂಡಿಯ ಸ್ಮಾರಕವನ್ನೂ ಮರೆಯದಿರಲಿ. ಕರನಿರಾಕರಣೆಯ ಹೋರಾಟದಲ್ಲಿ ಜಪ್ತಿಯಾದ ಜಮೀನುಗಳನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ 1932ರಲ್ಲಿ ಹೆಂಗಸರು ಉಪವಾಸ ಕುಳಿತ ಊರು ಅದು. ಆಯುಧವಿಲ್ಲದೆ ನಡೆದ ಕಾಳಗದ ನೆನಪಿನ ಕಲ್ಲದು. ಬಾಲಕ ರಾಣೆಯವರನ್ನು ಸೆಳೆದದ್ದೂ ಆ ವರ್ಷಗಳ ಗಾಳಿಯೇ.

ಚಿತ್ರದ ಹಿಂಬದಿಯಲ್ಲಿ ಸ್ಥಳ, ತಾರೀಖು, ತೆಗೆದವರ ಹೆಸರು ಬರೆಯಿರಿ. ಅಜ್ಜ ಹೇಳಿದ ಜೊತೆಗಾರನ ಹೆಸರು, ಊರು, ದಳ ಇವನ್ನು ಅವರ ಬಾಯಿಂದಲೇ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ. ಜೊತೆಗೆ, ಫ್ರಾನ್ಸಿನ ಆ ರಟ್ಟಿನ ಹಾಳೆಗಳಲ್ಲಿದ್ದಂತೆ, ಹತ್ತಿರದ ರೈಲು ನಿಲ್ದಾಣದ ಹೆಸರನ್ನೂ ಬರೆದಿಡಿ.