ಯುಟಿಲಿಟಿ ಎಟಿವಿ: ಹುಟ್ಟು, ಬೆಳವಣಿಗೆ, ಆಯ್ಕೆ

ಯುಟಿಲಿಟಿ ಎಟಿವಿ ಎಂದರೆ ರಸ್ತೆಯಿಲ್ಲದ ನೆಲದಲ್ಲಿ ದುಡಿಯಲೆಂದು ರೂಪುಗೊಂಡ, ಒಬ್ಬರೇ ಓಡಿಸುವ ನಾಲ್ಕು ಚಕ್ರದ ಸಣ್ಣ ವಾಹನ. ಬೈಕಿನ ಮೇಲೆ ಕೂರುವ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರುವ ಸೀಟು, ತಿರುಗಿಸಲು ಹ್ಯಾಂಡಲ್, ಕಡಿಮೆ ಗಾಳಿಯ ದಪ್ಪ ಟೈರುಗಳು, ಹಿಂದೆ ಮುಂದೆ ಸಾಮಾನು ಕಟ್ಟುವ ಕ್ಯಾರಿಯರ್, ಟ್ರೇಲರ್ ಎಳೆಯುವ ಕೊಂಡಿ ಇದರ ಗುರುತುಗಳು. ಅಮೆರಿಕ, ಕೆನಡಾಗಳಲ್ಲಿ ಎಟಿವಿ ಎಂದೂ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಕ್ವಾಡ್ ಬೈಕ್ ಎಂದೂ ಇದನ್ನು ಕರೆಯುತ್ತಾರೆ. ಓಟದ ಪಂದ್ಯಕ್ಕೆಂದು ಮಾಡಿದ ಹಗುರವಾದ ಸ್ಪೋರ್ಟ್ ಕ್ವಾಡ್‌ಗಳೂ, ಸ್ಟೀರಿಂಗ್ ಹಿಡಿದು ಪಕ್ಕಪಕ್ಕದಲ್ಲಿ ಕೂರುವ ಸೈಡ್-ಬೈ-ಸೈಡ್ ಗಾಡಿಗಳೂ ಇದರ ನೆಂಟರೇ ಆದರೂ ಬೇರೆ ಬಗೆಯವು.

ಮೋಜಿಗೆಂದು ಹುಟ್ಟಿದ ಗಾಡಿಯೊಂದು ರೈತರ ಕೈಗೆ ಸಿಕ್ಕು ದುಡಿಮೆಯ ಯಂತ್ರವಾದದ್ದೇ ಯುಟಿಲಿಟಿ ಎಟಿವಿಯ ಇತಿಹಾಸ. ಗಿಡ್ಡ ಮೈ, ಕಿರಿದಾದ ಅಗಲ, ಮೆತ್ತನೆಯ ಟೈರು, ಸವಾರನ ಮೈವಾಲಿಕೆಗೆ ತಕ್ಕಂತೆ ವರ್ತಿಸುವ ಗುಣ ಇವೆಲ್ಲ ಅದನ್ನು ಉಪಯುಕ್ತವಾಗಿಸಿದವು. ಅದು ಪಲ್ಟಿ ಹೊಡೆಯುವುದಕ್ಕೂ ಇವೇ ಗುಣಗಳು ಕಾರಣ. ಇಂದು ಕೆಲಸಕ್ಕೋ ಕಾಡುದಾರಿಯ ಸವಾರಿಗೋ ಎಟಿವಿ ಆರಿಸುವವರು ಎದುರಿಸುವ ಪ್ರಶ್ನೆಗಳೆಲ್ಲ ಈ ಇತಿಹಾಸದಲ್ಲಿ ಒಂದೊಂದಾಗಿ ಹುಟ್ಟಿಕೊಂಡವು.

ಮೂರು ಚಕ್ರದ ಕಾಲ

1960ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ನೆಲ, ನೀರು ಎರಡರಲ್ಲೂ ಸಾಗುವ ಆರು ಚಕ್ರದ ಪುಟ್ಟ ಗಾಡಿಗಳು ಬಂದವು. 1961ರ ಜಿಗರ್ ಅವುಗಳಲ್ಲಿ ಮೊದಲಿನದು. ಒಂಟಾರಿಯೊ ಪ್ರಾಂತ್ಯದಲ್ಲಿ 1967ರಿಂದ ತಯಾರಾಗುತ್ತಿರುವ ಆರ್ಗೊ ಇಂದಿಗೂ ಮಾರಾಟದಲ್ಲಿದೆ. ತೊಟ್ಟಿಯಂಥ ಮೈಯೊಳಗೆ ಕೂತು ಓಡಿಸುವ ಈ ಗಾಡಿಗಳಲ್ಲಿ ಒಂದು ಬದಿಯ ಚಕ್ರಗಳನ್ನು ತಡೆದರೆ ಗಾಡಿ ಆ ಬದಿಗೆ ತಿರುಗುತ್ತದೆ. ಈಗಿನ ಎಟಿವಿಗೆ ಅವುಗಳಿಂದ ಬಂದ ಮುಖ್ಯ ಬಳುವಳಿ ದಪ್ಪ ಬಲೂನ್ ಟೈರು. ಅದೇ ವೇಳೆಗೆ ಅಮೆರಿಕದ ಡೆಟ್ರಾಯಿಟ್ ಸಮೀಪದ ಕ್ರಾನ್‌ಬ್ರೂಕ್ ಕಲಾ ಅಕಾಡೆಮಿಯ ವಿದ್ಯಾರ್ಥಿ ಜಾನ್ ಪ್ಲೆಸಿಂಜರ್ 1967ರಲ್ಲಿ ತನ್ನ ವ್ಯಾಸಂಗದ ಭಾಗವಾಗಿ ಮೂರು ಚಕ್ರದ ಗಾಡಿಯೊಂದನ್ನು ರೂಪಿಸಿದ. ಮರುವರ್ಷ ಅದರ ಹಕ್ಕು ಪಡೆದ ಸ್ಪೆರ್ರಿ-ರ್‍ಯಾಂಡ್ ಕಂಪನಿ ಟ್ರೈಕಾರ್ಟ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು.

ಈ ಕಲ್ಪನೆಗೆ ಗಟ್ಟಿ ರೂಪ ಕೊಟ್ಟದ್ದು ಹೊಂಡಾ. ಚಳಿಗಾಲದಲ್ಲಿ ಬೈಕ್ ವ್ಯಾಪಾರ ಬಿದ್ದುಹೋಗುತ್ತದೆ, ಆಗ ಮಾರಲು ಏನಾದರೂ ಬೇಕು ಎಂದು ಅದರ ಅಮೆರಿಕ ಶಾಖೆ 1967ರಲ್ಲಿ ಜಪಾನಿನ ಎಂಜಿನಿಯರುಗಳನ್ನು ಕೇಳಿತು. ಆ ಹೊಣೆ ಒಸಾಮು ತಕೆಯುಚಿ ಅವರ ಮೇಲೆ ಬಿತ್ತು. ಬೇರೆ ಬೇರೆ ಸಂಖ್ಯೆಯ ಚಕ್ರಗಳ ಮಾದರಿಗಳನ್ನು ಮಾಡಿ ನೋಡಿದ ಅವರು ಹಿಮ, ಕೆಸರು, ಮರಳಿನಲ್ಲಿ ತಿರುಗಲು ಮೂರು ಚಕ್ರವೇ ಒಳ್ಳೆಯದೆಂಬ ತೀರ್ಮಾನಕ್ಕೆ ಬಂದರು. 22 ಇಂಚಿನ, ಕಡಿಮೆ ಒತ್ತಡದ ಟೈರುಗಳು ನೆಲವನ್ನು ಹೆಚ್ಚು ಅಗಲಕ್ಕೆ ಒತ್ತುವುದರಿಂದ ಗಾಡಿ ಹೂತುಹೋಗುತ್ತಿರಲಿಲ್ಲ. ಯುಎಸ್90 ಎಂಬ ಹೆಸರಿನ ಆ ಗಾಡಿ 1970ರಲ್ಲಿ 595 ಡಾಲರಿಗೆ ಮಾರಾಟಕ್ಕೆ ಬಂತು, ಮುಂದೆ ಎಟಿಸಿ90 ಎನಿಸಿಕೊಂಡಿತು. ಎಂಜಿನ್ 89 ಸಿಸಿ. 1971ರ ಜೇಮ್ಸ್ ಬಾಂಡ್ ಚಿತ್ರ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಅದು ಕಾಣಿಸಿಕೊಂಡ ಮೇಲೆ ಹೆಸರು ಎಲ್ಲೆಡೆ ಹಬ್ಬಿತು.

ಆ ಗಾಡಿಗೆ ಶಾಕ್ ಅಬ್ಸಾರ್ಬರ್ ಇರಲಿಲ್ಲ, ಕುಲುಕನ್ನು ಟೈರಿನ ಗಾಳಿಯೇ ನುಂಗಬೇಕಿತ್ತು. ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಕೂತಿದ್ದವು, ಡಿಫರೆನ್ಶಿಯಲ್ ಇರಲಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಸಾಗಬೇಕು, ಆದರೆ ಒಂದೇ ಆಕ್ಸಲ್‌ಗೆ ಬಿಗಿದ ಚಕ್ರಗಳು ಒಂದೇ ವೇಗದಲ್ಲಿ ಸುತ್ತುತ್ತವೆ. ಹಾಗಾಗಿ ಸವಾರ ಹೊರಗಿನ ಕಾಲುಮಣೆಯ ಮೇಲೆ ಭಾರ ಹಾಕಿ, ಮೈಯನ್ನು ಒಳಕ್ಕೆ ವಾಲಿಸಿ, ಒಳಗಿನ ಚಕ್ರ ತುಸು ಜಾರುವಂತೆ ಮಾಡಬೇಕು. ಕಲಿತವರಿಗೆ ಇದು ಸಲೀಸು. ಕಲಿಯದವರು ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತಿತ್ತು, ಇಲ್ಲವೇ ಹೊರಕ್ಕೆ ಮಗುಚುತ್ತಿತ್ತು. ಬೈಕಿನ ರೂಢಿಯಿಂದ ನೆಲಕ್ಕೆ ಕಾಲು ಊರಿದವರ ಕಾಲಿನ ಮೇಲೆ ಹಿಂದಿನ ಚಕ್ರವೇ ಹತ್ತಿದ್ದುಂಟು.

ಹೊಲಕ್ಕೆ ಇಳಿದದ್ದು

1970ರ ದಶಕದಲ್ಲಿ ಇಂಧನದ ಬೆಲೆ ಏರಿದಾಗ ಅಮೆರಿಕದ ರೈತರು ಈ ಮೋಜಿನ ಗಾಡಿಯನ್ನು ಬೇರೆ ಕಣ್ಣಿನಿಂದ ನೋಡಿದರು. ಬೇಲಿ ನೋಡಿಬರಲು, ದನಕ್ಕೆ ಮೇವು ಹಾಕಲು, ನೀರು ಬಿಟ್ಟ ಕಾಲುವೆ ಪರೀಕ್ಷಿಸಲು ಟ್ರ್ಯಾಕ್ಟರ್ ಹೊರಡಿಸುವುದು ದುಬಾರಿ. ಮೂರು ಚಕ್ರದ ಗಾಡಿ ಅದೇ ಕೆಲಸವನ್ನು ತೀರ ಕಡಿಮೆ ಪೆಟ್ರೋಲಿನಲ್ಲಿ, ಬೆಳೆದ ಪೈರನ್ನು ಅಷ್ಟಾಗಿ ತುಳಿಯದೆ ಮುಗಿಸುತ್ತಿತ್ತು. ಕ್ಯಾರಿಯರ್ ಇಲ್ಲದಿದ್ದರೂ ಜನ ಹಗ್ಗ ಕಟ್ಟಿ ಚೀಲ ಹೇರಿದರು. ಕಂಪನಿ ಇದನ್ನು ಗಮನಿಸಿತು. 1982ರಲ್ಲಿ ಬಂದ ಹೊಂಡಾದ ಬಿಗ್ ರೆಡ್‌ಗೆ ಕ್ಯಾರಿಯರ್, ಗುಂಡಿ ಒತ್ತಿ ಚಾಲೂ ಮಾಡುವ ಸೌಲಭ್ಯ ಎರಡೂ ಇದ್ದವು. ಯುಟಿಲಿಟಿ ಎಟಿವಿಯ ನಿಜವಾದ ಆರಂಭ ಇಲ್ಲಿಂದಲೇ ಎನ್ನಬಹುದು.

ಅದೇ ವರ್ಷ ಸುಜುಕಿ ನಾಲ್ಕು ಚಕ್ರದ ಕ್ವಾಡ್‌ರನ್ನರ್ ಎಲ್‌ಟಿ125 ಹೊರತಂದಿತು. ಅದಕ್ಕೆ ರಿವರ್ಸ್ ಗೇರೂ ಇತ್ತು. ಸಣ್ಣ ಸಂಗತಿಯಂತೆ ಕಂಡರೂ ಕೆಲಸದ ಗಾಡಿಗೆ ಇದು ದೊಡ್ಡದು: ಕಿರಿದಾದ ದಾರಿಯಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ಇಳಿದು ಎತ್ತಿ ತಿರುಗಿಸುವ ಪಾಡು ತಪ್ಪಿತು. 1985ರಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ರೋಸೊ ಊರಿನ ಪೊಲಾರಿಸ್ ಕಂಪನಿ ಟ್ರೇಲ್ ಬಾಸ್ ಮಾಡಿತು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ತಯಾರಿಸಿ ಪಳಗಿದ್ದ ಆ ಕಂಪನಿ ಅಲ್ಲಿನ ಬೆಲ್ಟ್ ಗೇರ್ ವ್ಯವಸ್ಥೆಯನ್ನೇ ಇಲ್ಲಿಗೂ ತಂದಿತು. ಎರಡು ಪುಲ್ಲಿಗಳ ನಡುವೆ ಓಡುವ ಬೆಲ್ಟ್ ಎಂಜಿನ್ ವೇಗಕ್ಕೆ ತಕ್ಕಂತೆ ತಾನೇ ಗೇರು ಬದಲಿಸುತ್ತದೆ. ನಮ್ಮ ಗೇರಿಲ್ಲದ ಸ್ಕೂಟರುಗಳಲ್ಲಿರುವುದೂ ಇದೇ. ಮಾರನೆಯ ವರ್ಷ ಹೊಂಡಾ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಫೋರ್‌ಟ್ರ್ಯಾಕ್ಸ್ 350 ತಂದಿತು. ಕೆಸರಿನ ಹೊಲ, ಕಡಿದಾದ ಗುಡ್ಡ, ಹಿಮ ತುಂಬಿದ ದಾರಿಗಳೆಲ್ಲ ಈ ಗಾಡಿಗೆ ತೆರೆದುಕೊಂಡವು. ನ್ಯೂಜಿಲೆಂಡಿನ ಮತ್ತು ಬ್ರಿಟನ್ನಿನ ಬೆಟ್ಟದ ಕುರಿ ಸಾಕಣೆಯಲ್ಲಿ ಕ್ವಾಡ್ ಬೈಕು ಕುದುರೆಯ ಜಾಗ ಹಿಡಿಯಿತು. ಹಿಂದಿನ ಕ್ಯಾರಿಯರ್ ಮೇಲೆ ಕುರಿ ಕಾಯುವ ನಾಯಿ ಕೂತು ಸಾಗುವುದು ಅಲ್ಲಿ ದಿನನಿತ್ಯದ ನೋಟ.

1988ರ ಒಪ್ಪಂದ

ಮಾರಾಟ ಏರಿದಂತೆ ಸಾವು ನೋವೂ ಏರಿದವು. ಗಾಯಗೊಂಡವರಲ್ಲಿ ಮಕ್ಕಳು ಬಹಳ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪರವಾಗಿ ಸರ್ಕಾರ 1987ರ ಡಿಸೆಂಬರಿನಲ್ಲಿ ಹೊಂಡಾ, ಯಮಾಹಾ, ಸುಜುಕಿ, ಕವಾಸಾಕಿ, ಪೊಲಾರಿಸ್ ಕಂಪನಿಗಳ ಮೇಲೆ ದಾವೆ ಹೂಡಿತು. 1988ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಒಪ್ಪಂದವನ್ನು ಅಂಗೀಕರಿಸಿತು. ಹೊಸ ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. ಕೊಂಡವರಿಗೆ ಉಚಿತ ತರಬೇತಿ ಕೊಡಬೇಕು, 90 ಸಿಸಿಗಿಂತ ದೊಡ್ಡ ಗಾಡಿ 16 ವರ್ಷದೊಳಗಿನವರಿಗೆ ತಕ್ಕುದಲ್ಲ ಎಂದು ಎಚ್ಚರಿಸಬೇಕು ಎಂಬ ಷರತ್ತುಗಳು ಬಂದವು. ಒಪ್ಪಂದದ ಅವಧಿ ಹತ್ತು ವರ್ಷ. 2008ರ ಕಾನೂನು ಈ ಉದ್ಯಮದ ಸುರಕ್ಷತಾ ಮಾನದಂಡವನ್ನು ಕಡ್ಡಾಯಗೊಳಿಸಿತು.

ಮೂರು ಚಕ್ರವನ್ನು ಬಿಡಿಸಿದ್ದು ಸರಿಯಾದ ಕ್ರಮವೇ. ಆದರೆ ನಾಲ್ಕನೆಯ ಚಕ್ರ ಬಂದ ಮಾತ್ರಕ್ಕೆ ಗಾಡಿ ಮಗುಚುವುದು ನಿಲ್ಲಲಿಲ್ಲ. ಎಟಿವಿಯ ಉದ್ದನೆಯ ಸೀಟನ್ನು ನೋಡಿದವರು ಹಿಂದೆ ಇನ್ನೊಬ್ಬರನ್ನು ಕೂರಿಸಬಹುದೆಂದು ಭಾವಿಸುತ್ತಾರೆ. ಆ ಉದ್ದ ಇರುವುದು ಒಬ್ಬನೇ ಸವಾರ ಏರಿನಲ್ಲಿ ಮುಂದಕ್ಕೂ ಇಳಿಜಾರಿನಲ್ಲಿ ಹಿಂದಕ್ಕೂ ಸರಿಯಲೆಂದು. ಹಿಂದೆ ಇನ್ನೊಬ್ಬರು ಕೂತರೆ ಸವಾರನಿಗೆ ಸರಿಯಲು ಜಾಗವಿಲ್ಲ, ಏರಿನಲ್ಲಿ ಮುಂದಿನ ಚಕ್ರಗಳು ಎದ್ದುನಿಲ್ಲುತ್ತವೆ. ಇಬ್ಬರಿಗೆಂದೇ ಉದ್ದನೆಯ ಚಾಸಿಯ ಮಾದರಿಗಳನ್ನು ಬೊಂಬಾರ್ಡಿಯರ್ ಕಂಪನಿ 2000ರ ದಶಕದ ಆರಂಭದಲ್ಲಿ ತಂದಿತು. ಉಳಿದವುಗಳ ಮೇಲೆ ‘ಹಿಂಬದಿ ಸವಾರಿ ನಿಷಿದ್ಧ’ ಎಂಬ ಎಚ್ಚರಿಕೆ ಅಂಟಿಸಿರುತ್ತಾರೆ.

ಕೆಲಸಕ್ಕೋ ದಾರಿಗೋ

1990ರ ದಶಕದ ನಡುವಿನಲ್ಲಿ ತಯಾರಕರ ಹಾದಿ ಎರಡಾಯಿತು. ಹೊಂಡಾದ 1995ರ ಫೋರ್‌ಮನ್ 400ರಲ್ಲಿ ಎಂಜಿನ್ನನ್ನು ಉದ್ದುದ್ದಕ್ಕೆ ಕೂರಿಸಲಾಯಿತು. ಇದರಿಂದ ಶಕ್ತಿ ನೇರವಾಗಿ ಹಿಂದಿನ ಮತ್ತು ಮುಂದಿನ ಶಾಫ್ಟ್‌ಗಳಿಗೆ ಹರಿಯುತ್ತದೆ. ಹಿಂದೆ ಗಟ್ಟಿ ಆಕ್ಸಲ್ಲೇ ಉಳಿಯಿತು. ಪೊಲಾರಿಸ್ 1996ರ ಸ್ಪೋರ್ಟ್ಸ್‌ಮನ್‌ನಲ್ಲಿ ಬೆಲ್ಟ್ ಗೇರಿನ ಜೊತೆಗೆ ಹಿಂದಿನ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಸಸ್ಪೆನ್ಶನ್ ಕೊಟ್ಟಿತು. ಇಂದಿಗೂ ಕೊಳ್ಳುವವರ ಮುಂದಿರುವ ದೊಡ್ಡ ಪ್ರಶ್ನೆ ಈ ಎರಡರ ನಡುವಿನದೇ.

ಗಟ್ಟಿ ಆಕ್ಸಲ್ ಭಾರ ಹೇರಿದರೂ ಎತ್ತರ ಕಳೆದುಕೊಳ್ಳುವುದಿಲ್ಲ: ಆಕ್ಸಲ್ಲಿನ ನಡುವಿನ ಗುಬ್ಬು ನೆಲದಿಂದ ಎಷ್ಟು ಮೇಲಿದೆಯೋ ಅಷ್ಟೇ ಇರುತ್ತದೆ. ಸವೆಯುವ ಭಾಗಗಳು ಕಡಿಮೆ, ಇಳಿಜಾರಿನಲ್ಲಿ ಅಡ್ಡಕ್ಕೆ ಸಾಗುವಾಗ ಗಾಡಿ ಕಡಿಮೆ ವಾಲುತ್ತದೆ, ಟ್ರೇಲರ್ ಎಳೆಯಲೂ ಅನುಕೂಲ. ಆದರೆ ಬೇರು, ಬಂಡೆಗಳ ದಾರಿಯಲ್ಲಿ ಇಡೀ ದಿನ ಓಡಿಸಿದವರ ಬೆನ್ನು ಇದನ್ನು ಕ್ಷಮಿಸುವುದಿಲ್ಲ. ಬಿಡಿ ಸಸ್ಪೆನ್ಶನ್ ಆ ದಾರಿಯಲ್ಲಿ ಸುಖ ಕೊಡುತ್ತದೆ, ಹೊಟ್ಟೆಯಡಿಯ ಎತ್ತರವೂ ಹೆಚ್ಚು, ಆದರೆ ಹಿಂದೆ ಹೇರಿದಷ್ಟೂ ಗಾಡಿ ಕುಸಿಯುತ್ತದೆ. ನಿತ್ಯ ಗೊಬ್ಬರ, ಕಂಬ, ನೀರು ಹೊರುವವರಿಗೆ ಗಟ್ಟಿ ಆಕ್ಸಲ್ಲೂ, ದೂರದ ಕಾಡುದಾರಿ ಸುತ್ತುವವರಿಗೆ ಬಿಡಿ ಸಸ್ಪೆನ್ಶನ್ನೂ ಸರಿ. ಎರಡನ್ನೂ ಮಾಡುವವರು ಗಾಡಿಯ ಹೆಚ್ಚಿನ ಗಂಟೆಗಳು ಎಲ್ಲಿ ಕಳೆಯುತ್ತವೆ ಎಂಬುದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು.

ಗೇರಿನ ವಿಷಯದಲ್ಲೂ ಹೀಗೆಯೇ. ಬೆಲ್ಟ್ ಗೇರು ಕಲಿಯಲು ಸುಲಭ, ಆದರೆ ಭಾರ ಎಳೆಯುತ್ತಾ ನಿಧಾನ ಸಾಗುವಾಗ ಲೋ ಗೇರಿಗೆ ಹಾಕದಿದ್ದರೆ ಬೆಲ್ಟ್ ಕಾದು ಸುಡುತ್ತದೆ. ಹಳ್ಳ ದಾಟುವಾಗ ಒಳಗೆ ನೀರು ಹೊಕ್ಕರೆ ಜಾರುತ್ತದೆ. ಕಾಲಿನಿಂದಲೋ ಗುಂಡಿಯಿಂದಲೋ ಬದಲಿಸುವ ಹಲ್ಲುಗೇರಿಗೆ ಈ ಚಿಂತೆ ಇಲ್ಲ, ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಎಂಜಿನ್ ಗಾತ್ರ ಜಾಹೀರಾತುಗಳಲ್ಲಿ ಮುಂದೆ ನಿಲ್ಲುತ್ತದೆ, ಆದರೆ ತೋಟದ ಕೆಲಸಕ್ಕೆ 400ರಿಂದ 570 ಸಿಸಿ ಧಾರಾಳ. ಈ ವರ್ಗದ ಗಾಡಿಗಳ ತೂಕ 300 ಕೆಜಿಯ ಆಸುಪಾಸು. ಮುಂದಿನ ಕ್ಯಾರಿಯರ್ ಸುಮಾರು 40, ಹಿಂದಿನದು ಸುಮಾರು 80 ಕೆಜಿ ಹೊರುತ್ತದೆ. 2007ರಲ್ಲಿ ಯಮಾಹಾ ಗ್ರಿಜ್ಲಿ 700ಕ್ಕೆ ವಿದ್ಯುತ್ ಪವರ್ ಸ್ಟೀರಿಂಗ್ ಬಂತು. ಕಲ್ಲಿಗೆ ಚಕ್ರ ತಾಗಿದಾಗ ಹ್ಯಾಂಡಲ್ ಕೈಯನ್ನು ತಿರುಚುವುದು ಇದರಿಂದ ಬಹಳ ಕಡಿಮೆಯಾಗಿದೆ. ವಯಸ್ಸಾದವರು ಮತ್ತು ದಿನವಿಡೀ ಓಡಿಸುವವರು ಈ ಸೌಲಭ್ಯಕ್ಕೆ ಹೆಚ್ಚಿನ ಹಣ ಕೊಡುವುದು ದಂಡವಲ್ಲ.

ಕ್ಯಾರಿಯರಿನ ಮಿತಿಯೊಳಗಿನ ಭಾರವೂ ಅದರ ಬಗೆಯನ್ನು ಅವಲಂಬಿಸಿ ಅಪಾಯಕಾರಿಯಾಗಬಹುದು. ಔಷಧಿ ಹೊಡೆಯುವ ಟ್ಯಾಂಕು ಅರ್ಧ ಖಾಲಿಯಾದಾಗ ದ್ರವ ಒಳಗೆ ತುಳುಕುತ್ತದೆ. ಇಳಿಜಾರಿನಲ್ಲಿ ಅಡ್ಡಕ್ಕೆ ತಿರುಗಿದ ಕ್ಷಣ ಅದೆಲ್ಲ ಕೆಳಬದಿಗೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ. ಒಳಗೆ ಅಡ್ಡಗೋಡೆಗಳಿರುವ ಟ್ಯಾಂಕು ಇದಕ್ಕೆ ಪರಿಹಾರ. ಟೈರಿನ ಗಾಳಿಯೂ ಅಷ್ಟೇ ಮುಖ್ಯ. ಬಹುತೇಕ ಎಟಿವಿ ಟೈರುಗಳಿಗೆ ಬೇಕಾದದ್ದು ಹತ್ತು ಪಿಎಸ್‌ಐಗಿಂತಲೂ ಕಡಿಮೆ. ಕಾರಿನ ಗೇಜು ಅಷ್ಟು ಕೆಳಗಿನ ಅಳತೆಯನ್ನು ಸರಿಯಾಗಿ ತೋರಿಸುವುದಿಲ್ಲ, ಬೇರೆಯದೇ ಗೇಜು ಬೇಕು. ಎಡ ಬಲಗಳಲ್ಲಿ ಒಂದೆರಡು ಪಿಎಸ್‌ಐ ಹೆಚ್ಚು ಕಡಿಮೆಯಾದರೂ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಅಮೆರಿಕದ ಅರಣ್ಯ ಇಲಾಖೆಯ ಎಷ್ಟೋ ದಾರಿಗಳಲ್ಲಿ 50 ಇಂಚಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲದೆ ಇದ್ದುದರಿಂದ ದಾರಿ ಸವಾರರಿಗೆ ಅಗಲವೂ ಲೆಕ್ಕಕ್ಕೆ ಬಂತು. ಇತ್ತ ಹೊಲದ ಕೆಲಸವನ್ನು 1988ರ ಕವಾಸಾಕಿ ಮ್ಯೂಲ್, 1992ರ ಜಾನ್ ಡಿಯರ್ ಗೇಟರ್‌ನಂಥ ಸೈಡ್-ಬೈ-ಸೈಡ್ ಗಾಡಿಗಳು ನಿಧಾನವಾಗಿ ಹಂಚಿಕೊಂಡವು. ಈಗಿನ ಇಂಥ ಗಾಡಿಗಳಲ್ಲಿ ಸೀಟು ಬೆಲ್ಟೂ ಹಿಂದೆ ಸಾಮಾನಿನ ತೊಟ್ಟಿಯೂ ಇರುತ್ತವೆ.

ಆಸ್ಟ್ರೇಲಿಯದ ನಿಯಮ

ಆಸ್ಟ್ರೇಲಿಯದ ಹೊಲಗಳಲ್ಲಿ ಕ್ವಾಡ್ ಬೈಕ್ ಸಾವಿನ ದೊಡ್ಡ ಕಾರಣಗಳಲ್ಲಿ ಒಂದಾಯಿತು. ಒಂಟಿಯಾಗಿ ಕೆಲಸಕ್ಕೆ ಹೋದ ರೈತ ಮಗುಚಿದ ಗಾಡಿಯಡಿ ಸಿಕ್ಕಿಬಿದ್ದು, ಎಲುಬು ಮುರಿಯದಿದ್ದರೂ, ಎದೆಯ ಮೇಲಿನ ಭಾರಕ್ಕೆ ಉಸಿರು ಕಟ್ಟಿ ಸತ್ತ ಪ್ರಕರಣಗಳು ಮರುಕಳಿಸಿದವು. ಸೀಟಿನ ಹಿಂದೆ ಕಮಾನಿನ ಕಂಬಿ ನಿಲ್ಲಿಸಿದರೆ ಮಗುಚಿದ ಗಾಡಿ ಮತ್ತು ನೆಲದ ನಡುವೆ ಸವಾರನಿಗೆ ಜಾಗ ಉಳಿಯುತ್ತದೆ ಎಂಬುದು ಒಂದು ಪಕ್ಷ. ಆ ಕಂಬಿಯೇ ಸವಾರನನ್ನು ಗಾಯಗೊಳಿಸಬಹುದು ಎಂಬುದು ತಯಾರಕರ ಪಕ್ಷ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಗಾಡಿಗಳನ್ನು ವಾಲಿಸಿ, ಮಗುಚಿಸಿ ಪರೀಕ್ಷೆ ನಡೆಸಿದರು. 2019ರಲ್ಲಿ ಸರ್ಕಾರ ಕಡ್ಡಾಯ ನಿಯಮ ಹೊರಡಿಸಿತು. ಅದರ ಪ್ರಕಾರ 2021ರ ಅಕ್ಟೋಬರ್ 11ರಿಂದ ಅಲ್ಲಿ ಮಾರುವ ಪ್ರತಿಯೊಂದು ಹೊಸ ಸಾಮಾನ್ಯ ಬಳಕೆಯ ಕ್ವಾಡ್ ಬೈಕಿಗೂ ರಕ್ಷಣಾ ಕಂಬಿ ಇರಬೇಕು, ಪಕ್ಕಕ್ಕೆ 28.81 ಡಿಗ್ರಿ ವಾಲಿಸುವವರೆಗೆ ಅದು ಮಗುಚಬಾರದು. ಹೊಂಡಾ, ಯಮಾಹಾ ಸೇರಿ ಹಲವು ಕಂಪನಿಗಳು ಕೆಲಸದ ಕ್ವಾಡ್‌ಗಳ ಮಾರಾಟವನ್ನೇ ಅಲ್ಲಿ ನಿಲ್ಲಿಸಿದವು, ರೈತರಲ್ಲಿ ಅನೇಕರು ಸೈಡ್-ಬೈ-ಸೈಡ್ ಗಾಡಿಗಳಿಗೆ ಹೊರಳಿದರು. ಕೊಳ್ಳುವವರ ಆಯ್ಕೆ ಕಿರಿದಾದದ್ದು ನಿಜ. ಆದರೂ ಒಬ್ಬಂಟಿ ದುಡಿಮೆಗಾರನ ಜೀವವನ್ನು ಅಳತೆಗೋಲಾಗಿ ಇಟ್ಟುಕೊಂಡ ಈ ನಿಯಮ ಎಟಿವಿಯ ಇತಿಹಾಸದಲ್ಲಿ 1988ರ ಒಪ್ಪಂದದಷ್ಟೇ ತೂಕದ್ದು.

ಭಾರತದಲ್ಲಿ

ಪೊಲಾರಿಸ್ ತನ್ನ ಭಾರತ ಶಾಖೆಯನ್ನು 2011ರಲ್ಲಿ ತೆರೆಯಿತು. ಕರ್ನಾಟಕದಲ್ಲಿ ಹೆಚ್ಚಿನವರು ಈ ಗಾಡಿ ನೋಡಿರುವುದು ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳ ಆವರಣದಲ್ಲಿ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಟಿವಿ ಎಂದರೆ ಬೇರೆಯೇ: 2007ರಲ್ಲಿ ಶುರುವಾದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ವಿದ್ಯಾರ್ಥಿಗಳು ತಾವೇ ವೆಲ್ಡ್ ಮಾಡಿ ಕಟ್ಟುವ, ಸುತ್ತ ಕಬ್ಬಿಣದ ಪಂಜರವಿರುವ ಒಂಟಿ ಸೀಟಿನ ಬಗ್ಗಿ. ಕಾಫಿ ತೋಟಗಳಲ್ಲಿ ಸಾಮಾನು ಸಾಗಿಸುವ ಕೆಲಸ ಈಗಲೂ ಜೀಪು, ಪಿಕಪ್, ಟ್ರ್ಯಾಕ್ಟರ್‌ಗಳದೇ.

ಸಾಮಾನ್ಯ ಎಟಿವಿಗಳನ್ನು ಇಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ, ಅವುಗಳಿಗೆ ಸ್ವಂತ ಜಮೀನೇ ಗಡಿ. ಯುರೋಪಿನಲ್ಲಿ ಇಂಥ ಗಾಡಿಗಳನ್ನು ಕೃಷಿ ಟ್ರ್ಯಾಕ್ಟರಿನ ವರ್ಗದಲ್ಲಿ ನೋಂದಾಯಿಸುವ ದಾರಿಯಿದೆ. ಪೊಲಾರಿಸ್ ಭಾರತದಲ್ಲೂ ಅದೇ ದಾರಿ ಹಿಡಿದು ಸ್ಪೋರ್ಟ್ಸ್‌ಮನ್ 570ರ ಟ್ರ್ಯಾಕ್ಟರ್ ಆವೃತ್ತಿಯನ್ನು ತಂದಿತು. ಎರಡು ತುಂಡು ಜಮೀನುಗಳ ನಡುವೆ ಊರ ರಸ್ತೆ ದಾಟಬೇಕಾದವರು ಎಂಜಿನ್ನಿಗೂ ಕ್ಯಾರಿಯರಿಗೂ ಮೊದಲು ತಾವು ಕೊಳ್ಳುವ ಮಾದರಿಗೆ ಯಾವ ವರ್ಗದಲ್ಲಿ ನೋಂದಣಿ ಸಿಗುತ್ತದೆ ಎಂಬುದನ್ನು ಡೀಲರಿಂದ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.