ದಗ್ಧದಂತಗಳೂ ಮೃತರ ಗುರುತೂ

ಶರೀರವು ಬೆಂದ ಮೇಲೆ ಉಳಿದ ಅಸ್ಥಿಶೇಷವು ಯಾರದೆಂಬ ಪ್ರಶ್ನೆಯು ಒಂದು ಚಿತೆಯಲ್ಲಿ ಒಬ್ಬನೇ ಬೆಂದಾಗ ಹುಟ್ಟದು. ಮಂಗಸೂಳಿಯ ಸೀಮೆಯಲ್ಲಿ ಬೂದಿಯೊಳಗಿನ ಎಲುಬನ್ನಾಯ್ದು ಕೃಷ್ಣೆಗೆ ಒಯ್ಯುವವರು ಅದು ತಮ್ಮವರದೇ ಎಂಬುದರಲ್ಲಿ ಸಂಶಯಪಡಬೇಕಾದುದಿಲ್ಲ. ಅನೇಕರು ಏಕಕಾಲದಲ್ಲಿ ಬೆಂದರೆ ಮಾತು ಬೇರೆ. 2010ನೆಯ ಮೇ 22ರಂದು ದುಬೈಯಿಂದ ಬಂದ ವಿಮಾನವೊಂದು ಮಂಗಳೂರಿನ ಬಜ್ಪೆಯಲ್ಲಿ ಓಡುದಾರಿಯನ್ನು ಮೀರಿ ಕಮರಿಗೆ ಬಿದ್ದು ಹೊತ್ತಿಕೊಂಡು, ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮೃತರಾದಾಗ ಕರ್ಣಾಟಕವು ಈ ಪ್ರಶ್ನೆಯನ್ನು ದಾರುಣವಾಗಿ ಎದುರಿಸಬೇಕಾಯಿತು. ಅದನ್ನು ವಿಚಾರಿಸುವ ಮೊದಲು ಪ್ರಾಚೀನರ ಅಭಿಪ್ರಾಯವನ್ನು ನೋಡುವುದು ಯುಕ್ತ.

ಸುಶ್ರುತನು ಅಸ್ಥಿಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದು ಬಗೆಯಾಗಿ ವಿಭಾಗಿಸಿ ದಂತಗಳಿಗೆ ರುಚಕವೆಂಬ ಸಂಜ್ಞೆಯನ್ನಿತ್ತಿರುವನು. ಚರಕನ 360 ಅಸ್ಥಿಗಳ ಗಣನೆಯಲ್ಲಿ 32 ದಂತಗಳೂ ಅವು ನಾಟಿರುವ 32 ಉಲೂಖಲಗಳೂ ಸೇರಿವೆ. ಇಂದಿನ ಶಾರೀರಶಾಸ್ತ್ರಜ್ಞರು ಹಲ್ಲನ್ನು ಎಲುಬೆಂದು ಒಪ್ಪರು. ಆದರೂ ಚಿತಾಭಸ್ಮವನ್ನು ಕೆದಕಿದವನಿಗೆ ಪ್ರಾಚೀನರ ಗಣನೆಯು ಅಸಂಗತವೆಂದು ತೋರಲಾರದು. ಶತಪಥಬ್ರಾಹ್ಮಣವೂ 360 ಅಸ್ಥಿಗಳನ್ನೇ ಹೇಳುತ್ತದೆ. ದೇಶಾಂತರದಲ್ಲಿ ಮಡಿದು ಅಸ್ಥಿಯೂ ದೊರೆಯದವನಿಗಾಗಿ 360 ಪಲಾಶವೃಂತಗಳಿಂದ ಪ್ರತಿಕೃತಿಯನ್ನು ರಚಿಸಿ ದಹಿಸಬೇಕೆಂಬ ವಿಧಿಯು ಇದೇ ಸಂಖ್ಯೆಯನ್ನು ಅನುಸರಿಸಿದುದು. ಗರುಡಪುರಾಣವಂತೂ ಇಂತಹ ಪ್ರತಿಕೃತಿಯಲ್ಲಿ ದಂತಗಳಿಗೆ ಬದಲಾಗಿ ದಾಳಿಂಬೆಯ ಬೀಜಗಳನ್ನು ಇಡಿಸುತ್ತದೆ! ಇಲ್ಲಿ ಗಮನಿಸತಕ್ಕುದೇನೆಂದರೆ, ಈ ವಿಧಿಗೆ ನಾಮಗೋತ್ರಗಳು ತಿಳಿದಿರಬೇಕು. ಇಲ್ಲದಿರುವುದು ದೇಹ ಮಾತ್ರ. ಮಂಗಳೂರಿನಲ್ಲಿ ಒದಗಿದುದು ಇದರ ವಿಪರ್ಯಯ. ದೇಹಗಳಿದ್ದುವು, ಹೆಸರುಗಳೂ ಇದ್ದುವು. ಇವೆರಡರ ಸಂಬಂಧವು ಕಡಿದುಹೋಗಿತ್ತು.

ಆ ಸಂಬಂಧವನ್ನು ಹಲ್ಲಿನಿಂದ ಕೂಡಿಸಿದ ವೃತ್ತಾಂತವು ನಮ್ಮ ದೇಶದಲ್ಲಿ ಹಳೆಯದು. 1194ರ ಯುದ್ಧದಲ್ಲಿ ಬಿದ್ದ ಕಾಶಿಯ ರಾಜನನ್ನು, ಎಂದರೆ ಗಾಹಡವಾಲ ಜಯಚಂದ್ರನನ್ನು, ಸಡಿಲವಾಗಿದ್ದ ಹಲ್ಲುಗಳಿಗೆ ಕಟ್ಟಿಸಿದ್ದ ಚಿನ್ನದಿಂದ ಗುರುತಿಸಿದರೆಂದು ಇಬ್ನುಲ್ ಅಥೀರನು ಬರೆದಿರುವನು. ಬೆಂಕಿಯಿಂದುಳಿದ ಹಲ್ಲಿಗೆ ನ್ಯಾಯಸ್ಥಾನದಲ್ಲಿ ಬೆಲೆ ಬಂದುದು ಪಾಶ್ಚಾತ್ಯದೇಶಗಳಲ್ಲಿ. 1849ರಲ್ಲಿ ಬಾಸ್ಟನ್ ನಗರದಲ್ಲಿ ಹತನಾದ ಪಾರ್ಕ್‌ಮನ್ನನ ಕೃತಕದಂತಗಳು ಕುಲುಮೆಯಲ್ಲಿ ಸಿಕ್ಕಿದುವು. ಅವನ್ನು ಮಾಡಿಕೊಟ್ಟಿದ್ದ ದಂತವೈದ್ಯ ಕೀಪನು ತನ್ನಲ್ಲಿದ್ದ ಅಚ್ಚಿನೊಡನೆ ಅವನ್ನು ಹೋಲಿಸಿ ಸಾಕ್ಷ್ಯ ನುಡಿದನು. 1897ನೆಯ ಮೇ 4ರಂದು ಪ್ಯಾರಿಸ್ಸಿನ ಧರ್ಮಾರ್ಥ ಸಂತೆಯೊಂದು ಹೊತ್ತಿ ಉರಿದು ನೂರಕ್ಕೂ ಹೆಚ್ಚು ಮಂದಿ, ಬಹುಭಾಗ ಕುಲೀನಸ್ತ್ರೀಯರು, ದಗ್ಧರಾದರು. ಆಸ್ಟ್ರಿಯದ ಸಾಮ್ರಾಜ್ಞಿಯ ಸೋದರಿಯನ್ನು ಗುರುತಿಸಿದವನು ಅವಳ ದಂತವೈದ್ಯನೇ. ಅದರ ಮರುವರ್ಷ ಅಮೊಯೆದೊ ಎಂಬವನು ಈ ವಿಷಯವಾಗಿ ಗ್ರಂಥವನ್ನೇ ಬರೆದನು. ಚಿನ್ನವಾಗಲಿ ಅಚ್ಚಾಗಲಿ ವೈದ್ಯನ ಸ್ಮರಣೆಯಾಗಲಿ, ಇವೆಲ್ಲವೂ ವ್ಯಕ್ತಿಯು ಬದುಕಿದ್ದಾಗ ಉಂಟಾದ ಕುರುಹುಗಳು.

ಹಲ್ಲಿನ ಹೊರಗವಚದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜಾಂಶ. ತುಟಿ ಸುಟ್ಟೊಡನೆ ಮುಂದಿನ ಹಲ್ಲು ಕೆಡುವುದು. ದವಡೆಯ ಹಲ್ಲುಗಳನ್ನು ಕೆನ್ನೆಯೂ ನಾಲಗೆಯೂ ಬಹಳ ಹೊತ್ತು ಕಾಯುವುವು. ಉರಿಯೇರಿದಂತೆ ಬಣ್ಣವು ಕಂದು, ಕಪ್ಪು, ಬೂದು ಆಗಿ ಕಡೆಗೆ ಸುಣ್ಣದಂತೆ ಬೆಳ್ಳಗಾಗುವುದು. ಕವಚವು ಸಿಡಿದು ಬೇರ್ಪಟ್ಟರೂ ಬೇರುಗಳು ಉಲೂಖಲದಲ್ಲಿ ಉಳಿಯಬಹುದು. ಶಿಶುವಾದರೆ, ಇನ್ನೂ ಮೂಡದೆ ದವಡೆಯೊಳಗಿರುವ ಮೊಳೆಗಳಿಂದ ವಯಸ್ಸನ್ನು ಹೇಳಬಹುದು. ವಯಸ್ಸು ತಿಳಿದ ಮಾತ್ರಕ್ಕೆ ಹೆಸರು ತಿಳಿಯದು. ಅದಕ್ಕೆ ಹಿಂದಿನ ಲೇಖ್ಯ ಬೇಕು, ಇಲ್ಲವೆ ಹಲ್ಲಿನ ಗರ್ಭದಲ್ಲಿ ಡಿ.ಎನ್.ಎ. ಉಳಿದಿರಬೇಕು.

ಮಂಗಳೂರಿನಲ್ಲಿ ಬಹುಸಂಖ್ಯೆಯ ಶವಗಳನ್ನು ಬಂಧುಗಳೇ ಗುರುತಿಸಿ ಒಯ್ದರು. ಉಳಿದವುಗಳಿಗೆ ಹೈದರಾಬಾದಿನಲ್ಲಿ ಡಿ.ಎನ್.ಎ. ಪರೀಕ್ಷೆಯಾಯಿತು. 12 ಶವಗಳು ಬೇಡಿಬಂದ ಯಾರ ರಕ್ತಕ್ಕೂ ಹೊಂದಲಿಲ್ಲ. ಮೊದಲು ಒಯ್ದವರಲ್ಲಿ ಕೆಲವರು ದುಃಖದ ಭರದಲ್ಲಿ ಅನ್ಯರ ದೇಹಗಳನ್ನು ಒಯ್ದಿರಬೇಕೆಂಬುದೇ ಇದರಿಂದ ಸಿದ್ಧವಾಗುವ ಅನುಮಾನವೆಂದು ನಮ್ಮ ಮತ. ಅವರನ್ನು ದೂಷಿಸುವುದು ಸಲ್ಲದು. ಕರ್ಣಾಟಕದಲ್ಲಿ ದಂತಶಾಸ್ತ್ರವನ್ನು ಬಲ್ಲವರಿಗೆ ಕೊರತೆಯಿಲ್ಲ: 2012ರ ದೆಹಲಿಯ ಘೋರಪ್ರಕರಣದ ಹಲ್ಲುಗುರುತುಗಳನ್ನು ಪರೀಕ್ಷಿಸಿದುದು ಧಾರವಾಡದಲ್ಲಿ; 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮಾನ್ಯಮಾಡಿತು. ಕೊರತೆಯಿರುವುದು ಬದುಕಿದ್ದವರ ಹಲ್ಲಿನ ಲೇಖ್ಯಗಳಿಗೆ. ಆ 12 ದೇಹಗಳನ್ನು ಕೂಳೂರಿನಲ್ಲಿ ಫಲ್ಗುಣಿ ನದಿಯ ಬಳಿ ಮಣ್ಣುಮಾಡಿದರು.