ಹೆಸರಘಟ್ಟ: ಕೆರೆ, ಕಾವಲು, ಹಿರಿಯರು

ಹೆಸರಘಟ್ಟ ಬೆಂಗಳೂರಿನ ವಾಯವ್ಯ ದಿಕ್ಕಿಗೆ, ಈಗಿನ ಯಲಹಂಕ ತಾಲ್ಲೂಕಿನಲ್ಲಿರುವ ಹೋಬಳಿ ಕೇಂದ್ರ. ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಹೊರಟರೆ ಚಿಕ್ಕಬಾಣಾವರ, ಸೋಲದೇವನಹಳ್ಳಿ, ತರಬನಹಳ್ಳಿ ದಾಟಿ ಊರು ಸಿಗುತ್ತದೆ. ಯಲಹಂಕದ ಕಡೆಯಿಂದ ಬರುವವರು ದೊಡ್ಡಬಳ್ಳಾಪುರ ರಸ್ತೆಯ ರಾಜಾನುಕುಂಟೆಯಲ್ಲಿ ಎಡಕ್ಕೆ ತಿರುಗುತ್ತಾರೆ. ಕಾಕೋಳು, ಬ್ಯಾತ, ಐವರಕಂಡಪುರ, ಸೀತಕೆಂಪನಹಳ್ಳಿ, ಶಿವಕೋಟೆ, ಸಿಲ್ವೆಪುರ ಸುತ್ತಲಿನ ಹಳ್ಳಿಗಳು. ಎಲ್ಲಕ್ಕೂ ನೀರು, ಮೇವು, ಕೂಲಿ, ಸಂತೆಗಳ ಮೂಲಕ ಒಂದೇ ಬದುಕು. ನಗರಕ್ಕೆ ಇಷ್ಟು ಹತ್ತಿರವಿದ್ದೂ ಬಹುಕಾಲ ಹಳ್ಳಿಯಾಗಿಯೇ ಉಳಿದ ಈ ಊರಿನ ಚರಿತ್ರೆಯನ್ನು ಬರೆದದ್ದು ಹೆಚ್ಚಾಗಿ ನಗರದ ಅಗತ್ಯಗಳೇ.

ಅವುಗಳಲ್ಲಿ ಮೊದಲನೆಯದು ಕುಡಿಯುವ ನೀರು. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಬೆಂಗಳೂರು ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನೆಚ್ಚಿಕೊಂಡಿತ್ತು. ಮಳೆ ತಪ್ಪಿದ ವರ್ಷ ಅವು ಬತ್ತುತ್ತಿದ್ದವು. ತುಂಬಿದಾಗಲೂ ಊರ ಕೊಳೆ ಅವಕ್ಕೇ ಸೇರುತ್ತಿತ್ತು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕುವ ಯೋಜನೆ ರೂಪುಗೊಂಡಿತು. 1894ರ ಈ ಜಲಾಶಯದ ಯೋಜನೆಗೆ ಮಹಾರಾಜರ ಹೆಸರಿನಲ್ಲಿ ‘ಚಾಮರಾಜೇಂದ್ರ ವಾಟರ್ ವರ್ಕ್ಸ್’ ಎಂದು ಹೆಸರಿಟ್ಟರು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರಿಗೆ ತಾನಾಗಿ ಹರಿದು ಬರುತ್ತಿತ್ತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಅದನ್ನು ಮೇಲೆತ್ತಿ ಮಲ್ಲೇಶ್ವರದ ಕಡೆಗೆ ನೂಕುತ್ತಿದ್ದವು. 1896ರಲ್ಲಿ ಬೆಂಗಳೂರಿಗೆ ನಲ್ಲಿ ನೀರು ಬಂದದ್ದು ಹೀಗೆ. ಮಲ್ಲೇಶ್ವರದ ‘ಜ್ಯುವೆಲ್ ಫಿಲ್ಟರ್’ ಎಂಬ ಜಾಗ ಈ ವ್ಯವಸ್ಥೆಯ ಇನ್ನೊಂದು ತುದಿ.

ಕೆರೆ ಕಟ್ಟಿದ್ದು ನಗರದ ನಲ್ಲಿಗಾಗಿ, ದಂಡೆಯ ಹೊಲಗಳಿಗಾಗಿ ಅಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಊರಿಗೆ ದಕ್ಕಿದ್ದು ಅದರ ಒಸರು. ಕೆರೆ ತುಂಬಿದ್ದರೆ ಸುತ್ತಲಿನ ಬಾವಿಗಳಲ್ಲಿ ನೀರು ಮೇಲಿರುತ್ತಿತ್ತು, ಏತ ಮತ್ತು ಕಪಿಲೆಗೆ ಕೆಲಸ ಸಿಗುತ್ತಿತ್ತು. ನಗರ ಬೆಳೆದಂತೆ ಹೆಸರಘಟ್ಟದ ನೀರು ಸಾಲದಾಯಿತು. 1933ರಲ್ಲಿ ಅದೇ ನದಿಯ ಕೆಳಹರಿವಿನಲ್ಲಿ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ, ದೊಡ್ಡ ಜಲಾಶಯ ಎದ್ದಿತು. 1974ರಲ್ಲಿ ಕಾವೇರಿ ನೀರು ಬಂದ ಮೇಲಂತೂ ಹೆಸರಘಟ್ಟದ ಕಡೆ ತಿರುಗಿ ನೋಡುವ ಅಗತ್ಯ ನಗರಕ್ಕೆ ಉಳಿಯಲಿಲ್ಲ. ತೊಂಬತ್ತರ ದಶಕದ ಹೊತ್ತಿಗೆ ಕೆರೆಯೇ ಬರಿದಾಯಿತು.

ಬತ್ತಿದ್ದಕ್ಕೆ ಮಳೆಯನ್ನು ದೂರುವುದು ರೂಢಿ. ಅರ್ಕಾವತಿ ಕಣಿವೆಯಲ್ಲಿ ಅಧ್ಯಯನ ನಡೆಸಿದ ಏಟ್ರೀ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಮುಖ್ಯ ಕಾರಣಗಳು ಬೇರೆ: ಲೆಕ್ಕವಿಲ್ಲದ ಕೊಳವೆಬಾವಿಗಳಿಂದ ಕುಸಿದ ಅಂತರ್ಜಲ ಮತ್ತು ಜಲಾನಯನದ ಉದ್ದಕ್ಕೂ ಹಬ್ಬಿದ ನೀಲಗಿರಿ ತೋಪುಗಳು. ನೀಲಗಿರಿ ಹಬ್ಬಿದ್ದಕ್ಕೂ ಹಳ್ಳಿಗಳು ಮುಪ್ಪಾದದ್ದಕ್ಕೂ ನಂಟಿದೆ. ರಾಗಿಗೆ ಉಳುಮೆ, ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ ಎಂದು ವರ್ಷವಿಡೀ ಕೈಗಳು ಬೇಕು. ನೀಲಗಿರಿಗೆ ನೆಡಲು ಒಮ್ಮೆ, ಕಡಿಯಲು ಕೆಲವು ವರ್ಷಕ್ಕೊಮ್ಮೆ ಆಳು ಸಿಕ್ಕರೆ ಸಾಕು. ಮಕ್ಕಳು ಪೀಣ್ಯದ ಕಾರ್ಖಾನೆಗೋ ಗಾರ್ಮೆಂಟ್ಸಿಗೋ ಹೊರಟುಹೋದ ಮನೆಯ ಯಜಮಾನನಿಗೆ ಇದಕ್ಕಿಂತ ಸುಲಭದ ಬೆಳೆ ಸಿಗಲಿಲ್ಲ. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. 2022ರ ಭಾರಿ ಮಳೆಗೆ ಬಹುಕಾಲದ ಮೇಲೆ ಕೆರೆಗೆ ಒಳ್ಳೆಯ ನೀರು ಬಂದಿತು. ನೋಡಲು ಬೆಂಗಳೂರಿನಿಂದ ಜನ ಬಂದರು.

ನೀರಿನ ನಂತರ ನಗರಕ್ಕೆ ಬೇಕಾದದ್ದು ಇಲ್ಲಿನ ಬಯಲು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಸ್ಥಾಪನೆಯಾಗಿ ಹೆಸರಘಟ್ಟ ಕೆರೆಯ ಸಮೀಪದಲ್ಲಿ ನೆಲೆಯೂರಿತು. ಅದು ಹೊರತಂದ ತರಕಾರಿ, ಹೂವು, ಹಣ್ಣಿನ ತಳಿಗಳ ಹೆಸರುಗಳು ‘ಅರ್ಕಾ’ ಎಂದೇ ಆರಂಭವಾಗುತ್ತವೆ. ಅರ್ಕಾ ರಕ್ಷಕ್ ಟೊಮೆಟೊ, ಅರ್ಕಾ ಅನಾಮಿಕ ಬೆಂಡೆಯ ಮೂಲಕ ಈ ಬತ್ತಿದ ನದಿಯ ಹೆಸರು ದೇಶದ ಹೊಲಗಳನ್ನೆಲ್ಲ ಸುತ್ತಿದೆ. ಡೆನ್ಮಾರ್ಕಿನ ನೆರವಿನ ಹೈನುರಾಸು ಯೋಜನೆ, ಘನೀಕೃತ ವೀರ್ಯ ಉತ್ಪಾದನಾ ಕೇಂದ್ರ, ಕೇಂದ್ರೀಯ ಕೋಳಿ ಸಾಕಣೆ ಸಂಸ್ಥೆ, ಮೇವಿನ ಬೀಜದ ಕೇಂದ್ರ ಒಂದಾದ ಮೇಲೊಂದು ಬಂದವು. ಸುತ್ತಲಿನ ಹಳ್ಳಿಗಳ ಒಂದು ತಲೆಮಾರಿಗೆ ಫಾರಂ ಕೆಲಸವೆಂದರೆ ತಿಂಗಳ ಸಂಬಳ. ಕೆಲಸ ಕಾಯಂ ಆಗಿ ನಿವೃತ್ತರಾದವರಿಗೆ ಇಂದು ಪಿಂಚಣಿ ಬರುತ್ತದೆ, ದಿನಗೂಲಿಯಲ್ಲೇ ಮುಗಿಸಿದವರಿಗೆ ಬರುವುದಿಲ್ಲ. ಮುದಿವಯಸ್ಸಿನಲ್ಲಿ ಊರೊಳಗೆ ಕಾಣುವ ಅಂತರಕ್ಕೆ ಜಮೀನಿನಷ್ಟೇ ಇದೂ ಕಾರಣ.

1990ರ ಮೇ ತಿಂಗಳಲ್ಲಿ ಅಂದಿನ ಪ್ರಧಾನಿ ವಿ.ಪಿ. ಸಿಂಗ್ ಉದ್ಘಾಟಿಸಿದ ನೃತ್ಯಗ್ರಾಮ ಊರಿನ ಹೆಸರನ್ನು ಹೊರದೇಶಗಳಿಗೂ ಮುಟ್ಟಿಸಿತು. ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ ಗುರುಕುಲದ ಮಾದರಿಯಲ್ಲಿ ಕಟ್ಟಿದ ಈ ಕಲಾಗ್ರಾಮದ ಕಟ್ಟಡಗಳನ್ನು ಜೆರಾರ್ಡ್ ಡ ಕುನ್ಹ ವಿನ್ಯಾಸ ಮಾಡಿದರು. ರಾತ್ರಿಯಿಡೀ ನಡೆಯುತ್ತಿದ್ದ ವಸಂತಹಬ್ಬಕ್ಕೆ ಸಾವಿರಾರು ಜನ ಸೇರುತ್ತಿದ್ದರು. 1998ರಲ್ಲಿ ಕೈಲಾಸ ಮಾನಸ ಸರೋವರದ ಹಾದಿಯ ಮಾಲ್ಪಾದಲ್ಲಿ ಭೂಕುಸಿತಕ್ಕೆ ಸಿಕ್ಕಿ ಪ್ರೊತಿಮಾ ತೀರಿಕೊಂಡರು. ಗುರುಕುಲ ಮುಂದುವರಿದಿದೆ, ಹಬ್ಬ ನಿಂತಿದೆ. ಹತ್ತಿರದ ಸಿಲ್ವೆಪುರ ಕ್ರೈಸ್ತ ಕುಟುಂಬಗಳ ಹಳೆಯ ಹಳ್ಳಿ. ಚಿತ್ರಕಲಾವಿದ ಜ್ಯೋತಿ ಸಾಹಿ ಅಲ್ಲಿ ಕಲಾಶ್ರಮ ಕಟ್ಟಿದರು.

ಕೆರೆಯ ಸುತ್ತಲಿನ ಹುಲ್ಲುಗಾವಲಿನ ಕಥೆ ಜಗಳದ ಕಥೆ. ಪಶುಸಂಗೋಪನಾ ಇಲಾಖೆಯ ಕೈಯಲ್ಲಿದ್ದ ಈ ಬಯಲಿನಲ್ಲಿ ಹಳ್ಳಿಗರ ದನಕುರಿ ಮೇಯುತ್ತಿದ್ದವು. ಚಳಿಗಾಲದಲ್ಲಿ ಸೆಳೆವ (ಹ್ಯಾರಿಯರ್) ಹಕ್ಕಿಗಳು ವಲಸೆ ಬರುತ್ತವೆ. ದಕ್ಷಿಣದಲ್ಲಿ ಅತಿ ವಿರಳವಾದ ಲೆಸ್ಸರ್ ಫ್ಲೋರಿಕನ್ ಕೂಡ ಇಲ್ಲಿ ಕಾಣಿಸಿಕೊಂಡಿದೆ. ಚಿತ್ರನಗರಿ ಕಟ್ಟಲು ಇಲ್ಲಿ ಜಾಗ ಕೊಡುವ ಮಾತು 1970ರ ದಶಕದ್ದು; ಐದು ದಶಕ ಕಳೆದರೂ ಅದು ಆಗಾಗ ತಲೆಯೆತ್ತುತ್ತಲೇ ಇತ್ತು. ಬಯಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಳ್ಳಿಹಾಕಿತು, ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ 2024ರಲ್ಲಿ 5,600ಕ್ಕೂ ಹೆಚ್ಚು ಎಕರೆಯ ಮೀಸಲಿಗೆ ಸಂಪುಟ ಒಪ್ಪಿತು. ಮೀಸಲಾದರೆ ದನ ಮೇಯಿಸಲು, ಓಡಾಡಲು ಬಿಡುವುದಿಲ್ಲ ಎಂಬ ಆತಂಕ ಹಳ್ಳಿಗಳಲ್ಲಿತ್ತು. ಸಂರಕ್ಷಣಾ ಮೀಸಲು ಅಭಯಾರಣ್ಯದಷ್ಟು ಬಿಗಿಯಾದದ್ದಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳೂ ಇರಬೇಕೆಂದು ಕಾನೂನೇ ಹೇಳುತ್ತದೆ. ಆದರೆ ಮೇಯಿಸುವವರೇ ಕಡಿಮೆಯಾಗುತ್ತಿರುವುದು ಯಾವ ಅಧಿಸೂಚನೆಗೂ ಸಂಬಂಧವಿಲ್ಲದ ಸಂಗತಿ.

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ. 9.5ರ ಆಸುಪಾಸಿನಲ್ಲಿದ್ದರು. ನಗರದ ಅಂಚಿನ ಹಳ್ಳಿಗಳಲ್ಲಿ ಮುಪ್ಪು ಇಂಥ ಅಂಕಿಗಳಲ್ಲಿ ಸರಿಯಾಗಿ ಕಾಣುವುದಿಲ್ಲ. ಬಾಡಿಗೆಗೆ ಬಂದ ಕಾರ್ಮಿಕರು, ಕಾಲೇಜು ವಿದ್ಯಾರ್ಥಿಗಳು, ತೋಟದ ಮನೆ ಕಾಯುವ ಹೊರಜಿಲ್ಲೆಯ ಕುಟುಂಬಗಳು ಸೇರಿ ಊರು ಹರೆಯದ್ದಾಗಿಯೇ ತೋರುತ್ತದೆ. ಹಳೆಯ ಕೇರಿಯ ಒಳಹೊಕ್ಕರೆ ಲೆಕ್ಕ ಬೇರೆ. ಮಗ ದಾಸರಹಳ್ಳಿಯಲ್ಲೋ ಯಲಹಂಕದಲ್ಲೋ ಮನೆ ಮಾಡಿದ್ದಾನೆ, ಮೊಮ್ಮಕ್ಕಳ ಶಾಲೆ ಅಲ್ಲಿಯೇ. ಊರಲ್ಲಿ ಉಳಿದಿರುವುದು ಅಜ್ಜ, ಅಜ್ಜಿ ಮತ್ತು ಒಂದೆರಡು ಸೀಮೆಹಸು.

ಹಸುವೇ ಇಂಥ ಮನೆಯ ದಿನಚರಿ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಬೇಕು. ಜಿಡ್ಡು ನೋಡಿ ಲೆಕ್ಕ ಬರೆದುಕೊಳ್ಳುತ್ತಾರೆ, ಬಟವಾಡೆ ಖಾತೆಗೆ ಬೀಳುತ್ತದೆ. ಹಾಲು ಕರೆಯುವುದು, ಸಗಣಿ ಬಾಚುವುದು, ಹುಲ್ಲು ಹೊರುವುದು ಬಹುಪಾಲು ಹೆಂಗಸರ ಕೆಲಸ. ಮಂಡಿನೋವು ಬಂದಾಗ ಮೊದಲು ಮಾರಾಟವಾಗುವುದೂ ಹಸುವೇ. ಹೊಲದಲ್ಲಿ ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ ಇಡುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಸೊಗಡು ಅವರೆಯ ಕಾಲದಲ್ಲಿ, ಡಿಸೆಂಬರ್ ಜನವರಿಯಲ್ಲಿ, ಹಿತಕಿದ ಬೇಳೆ ಸಾರಿಗಾಗಿ ಮಕ್ಕಳು ಒಮ್ಮೆ ಬಂದುಹೋಗುತ್ತಾರೆ. ತಪ್ಪದೆ ಬರುವುದು ಯುಗಾದಿಯ ಹೊಸತೊಡಕಿಗೆ, ಊರಹಬ್ಬದ ಆರತಿಗೆ ಮತ್ತು ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡಲು.

ಅವರು ಸೇರುವ ಇನ್ನೊಂದು ಸಂದರ್ಭ ಜಮೀನಿನ ವ್ಯವಹಾರ. ತೀರಿಹೋದ ತಾತನ ಹೆಸರಿನಲ್ಲೇ ಪಹಣಿ ಉಳಿದಿರುವುದು, ಪೌತಿ ಖಾತೆ ಆಗದಿರುವುದು ಈ ಭಾಗದಲ್ಲಿ ಸಾಮಾನ್ಯ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದ ಮೇಲೆ ವಂಶವೃಕ್ಷದಲ್ಲಿ ಅಕ್ಕತಂಗಿಯರ ಸಹಿಯೂ ಬೇಕಾಯಿತು. ತಿಪ್ಪಗೊಂಡನಹಳ್ಳಿ ಜಲಾನಯನ ಕಾಪಾಡಲು 2003ರಲ್ಲಿ ಹೊರಡಿಸಿದ ಆದೇಶ ಕಟ್ಟಡಗಳಿಗೆ ಕಡಿವಾಣ ಹಾಕಿತ್ತು. 2019ರಲ್ಲಿ ಅದು ಸಡಿಲವಾಯಿತು. 2020ರ ಭೂಸುಧಾರಣಾ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿತು. ಮಾರಿದರೆ ಕೋಟಿ, ಉತ್ತರೆ ವರ್ಷದ ರಾಗಿ ಎಂಬ ಸ್ಥಿತಿಯಲ್ಲಿ ಹೊಲವನ್ನು ಹಿಡಿದಿಟ್ಟಿರುವುದು ಹಲವು ಮನೆಗಳಲ್ಲಿ ಹಿರಿಯರ ಹಟವೊಂದೇ.

ಅವರ ಕೈಖರ್ಚಿಗೆ 65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ, ಮನೆಯ ಯಜಮಾನಿಗೆ 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ. ಅದೇ ವರ್ಷದ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಉಚಿತ. ಜ್ವರ, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗೆ ಊರಿನ ಸರ್ಕಾರಿ ಆಸ್ಪತ್ರೆ ಸಾಕು; ಕಣ್ಣಿನ ಪೊರೆ, ಮಂಡಿ, ಹೃದಯದ ತೊಂದರೆಗೆ ಯಲಹಂಕ ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಟಿಕೆಟ್ಟಿನ ಹಣಕ್ಕಾಗಿ ಮಗನನ್ನು ಕೇಳಬೇಕಿದ್ದ ಅಜ್ಜಿಯರು ಈಗ ಆಧಾರ್ ಕಾರ್ಡ್ ಹಿಡಿದು ಬಿ.ಎಂ.ಟಿ.ಸಿ. ಹತ್ತುತ್ತಾರೆ. ಅಜ್ಜಂದಿರು ಹಿರಿಯ ನಾಗರಿಕರ ರಿಯಾಯಿತಿ ದರದಲ್ಲಿ ಟಿಕೆಟ್ ಕೊಳ್ಳುತ್ತಾರೆ.